ನೆಗೆತದ ಅಳತೆ

ಇಲ್ಲದ ಶಕ್ತಿಗೆ ಮಿತಿ ಏಕೆ? ಹೇಗಿದ್ದರೂ ಕಲ್ಪನೆ, ಅದರಲ್ಲಿಯೂ ಜಿಪುಣತನವೆ? ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ಹುಡುಗರ ಆಟವೊಂದನ್ನು ನೋಡುತ್ತ ಕುಳಿತಾಗ ನನಗೆ ಬಂದ ಸಂದೇಹವಿದು.

ಆಟದ ಹೆಸರು ಚಾಂಪಿಯನ್ಸ್. 1981ರಲ್ಲಿ ಅಮೆರಿಕದಲ್ಲಿ ಮೊದಲು ಅಚ್ಚಾದದ್ದು. ಮೇಜಿನ ಸುತ್ತ ಕುಳಿತು, ದಾಳ ಹಾಕುತ್ತ, ಒಬ್ಬೊಬ್ಬರು ಒಬ್ಬೊಬ್ಬ ಅತಿಮಾನುಷ ವೀರನನ್ನು ಬಾಯಿಮಾತಿನಲ್ಲಿಯೇ ನಡೆಸುತ್ತಾರೆ. ಪ್ರತಿಯೊಂದು ಶಕ್ತಿಗೂ ಅಂಕಗಳ ಬೆಲೆಯುಂಟು. ಕೈಯಲ್ಲಿರುವ ಅಂಕಗಳು ಮಾತ್ರ ಇಷ್ಟೇ. ಹಿಂದಿನ ಆವೃತ್ತಿಗಳಲ್ಲಿ ನೆಗೆತವು ಮೈಬಲವನ್ನು ಅನುಸರಿಸುತ್ತದೆ. ಬಲ 10 ಇದ್ದವನು 4 ಮೀಟರ್ ನೆಗೆದಾನು, 30 ಇದ್ದವನು 12. ಮೇಲಕ್ಕಾದರೆ ಅದರ ಅರ್ಧ. ಹೆಚ್ಚಿಗೆ ಬೇಕೆಂದವರು ಅಂಕ ತೆರಬೇಕು. ಹಾರಾಟಕ್ಕೆ ಬೆಲೆ ಇನ್ನೂ ಹೆಚ್ಚು. (2009ರ ಆರನೆಯ ಆವೃತ್ತಿ ಬಲಕ್ಕೂ ನೆಗೆತಕ್ಕೂ ಇದ್ದ ನಂಟನ್ನು ಕಡಿದು ಎಲ್ಲರಿಗೂ 4 ಮೀಟರ್ ಹಂಚಿತು. ನಮ್ಮ ಹುಡುಗರು ಹಳೆಯದನ್ನೇ ಹಿಡಿದಿದ್ದಾರೆ. ಅದೇ ಸರಿಯೆಂದು ನನ್ನ ಮತವೂ.)

ಹಾರುವವನು ನಡುದಾರಿಯಲ್ಲಿ ಮನಸ್ಸು ಬದಲಿಸಬಲ್ಲ. ನೆಗೆಯುವವನಿಗೆ ಆ ಸೌಕರ್ಯವಿಲ್ಲ. ಕಾಲು ನೆಲ ಬಿಟ್ಟಿತೆಂದರೆ ಬೀಳುವ ತಾಣ ಗೊತ್ತಾದಂತೆಯೇ. 1938ರಲ್ಲಿ ಮೊದಲು ಕಾಣಿಸಿಕೊಂಡ ಸೂಪರ್‌ಮ್ಯಾನ್ ಕೂಡ ಹಾರುತ್ತಿರಲಿಲ್ಲ. ಮೈಲಿಯ ಎಂಟನೆಯ ಒಂದು ಪಾಲು ನೆಗೆಯುತ್ತಿದ್ದ, ಅಷ್ಟೆ. ವಾಲ್ಮೀಕಿಯಾದರೂ ಈ ಲೆಕ್ಕವನ್ನು ಬಿಟ್ಟನೆ? ಕಡಲ ದಡದಲ್ಲಿ ಕಪಿವೀರರು ತಾನು 10 ಯೋಜನ, ತಾನು 20 ಎಂದು ಒಬ್ಬೊಬ್ಬರಾಗಿ ಹೇಳಿಕೊಳ್ಳುತ್ತಾರೆ. ಅಂಗದ 100 ದಾಟಿಯಾನು. ಮರಳಿ ಬರುವುದೇ ಸಂದೇಹ. ಇಷ್ಟೆಲ್ಲ ಎಣಿಕೆಯಾದ ಮೇಲಲ್ಲವೆ ಹನುಮಂತ ಎದ್ದು ನಿಲ್ಲುವುದು!

ಆ ಸಂಜೆ ನನ್ನ ತಂಗಿಯ ಮಗನ ವೀರ ಒಂದು ಮಹಡಿಯ ಮೇಲೆ ನಿಂತಿದ್ದ. ಎದುರು ಮಹಡಿಗೆ ಬೆಂಕಿ ಬಿದ್ದಿದೆ, ಅಲ್ಲೊಂದು ಮಗು. ನಡುವಣ ಅಂತರ 14 ಮೀಟರ್; ಅವನ ನೆಗೆತ 12. ಆಟ ನಡೆಸುತ್ತಿದ್ದವನು ನನ್ನ ಮಗ. “ಎರಡು ಮೀಟರ್ ತಾನೆ, ಬಿಟ್ಟುಬಿಡೋ” ಎಂದೆ. ಮಗುವಿನ ಪ್ರಾಣಕ್ಕಿಂತ ಪುಸ್ತಕದ ಸಾಲು ದೊಡ್ಡದೆ?

“ಹಾಗಾದರೆ ನಾನೇಕೆ ಅಂಕ ಕೊಟ್ಟೆ, ಅಪ್ಪಾ?” ಎಂದಳು ನನ್ನ ಮಗಳು. ಹೆಚ್ಚಿನ ನೆಗೆತಕ್ಕಾಗಿ ಅವಳು ತನ್ನ ನಾಯಕಿಯ ಕವಚವನ್ನೇ ತೆಳುವಾಗಿಸಿಕೊಂಡಿದ್ದಳು. ಅದರಿಂದಲೇ ಪೆಟ್ಟು ತಿಂದು ಆ ನಾಯಕಿ ಆಗ ಬೀದಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು.

ನನ್ನ ಬಾಯಿ ಕಟ್ಟಿತು. ನಾನು ತೋರಹೊರಟ ಔದಾರ್ಯದ ಹಣ ನನ್ನ ಜೇಬಿನದಲ್ಲ, ಅವಳದು. ಮಗುವಿಗೆ ದಯೆ, ಇವಳಿಗೆ ಅನ್ಯಾಯ; ಅದೂ ಇವಳು ಅಂಥ ಮಗುವನ್ನು ಉಳಿಸಬೇಕೆಂದೇ ಬೆಲೆ ತೆತ್ತವಳು. ಕಲ್ಪನೆಯ ಮಗು, ಕಲ್ಪನೆಯ ಕವಚ ಎಂದು ನಕ್ಕುಬಿಡಬಹುದು. ಆದರೆ ಅವಳ ಮುಖದಲ್ಲಿದ್ದ ನೋವು ಕಲ್ಪನೆಯದಾಗಿರಲಿಲ್ಲ.

ಮಗ ನನ್ನನ್ನೊಮ್ಮೆ ನೋಡಿ, “ಹನ್ನೆರಡೇ” ಎಂದ. ಹುಡುಗ ನೆಗೆದೇ ನೆಗೆದ. ಎರಡು ಮೀಟರ್ ಸಾಲದೆ ಕೆಳಗೆ ಬಿದ್ದ; ಪೆಟ್ಟಿನ ಲೆಕ್ಕಕ್ಕೆ ದಾಳ ಉರುಳಿತು; ಎದ್ದು ಬಾಗಿಲು ಮುರಿದು ಹೊಗೆಯೊಳಗೆ ಮೆಟ್ಟಿಲೇರತೊಡಗಿದ. ಮೂರನೆಯ ಅಂತಸ್ತಿಗೆ ಬರುವ ಹೊತ್ತಿಗೆ ರಾತ್ರಿ ಹತ್ತಾಗಿತ್ತು. ಒಳಗಿನಿಂದ ಎರಡು ಸಲ ಊಟಕ್ಕೆ ಕರೆದರು. ಯಾರೂ ಏಳಲಿಲ್ಲ, ನಾನೂ ಏಳಲಿಲ್ಲ.