ಬಾಡಿಗೆಯ ರಥ, ಸಾರಥಿಯ ಋಣ

ತೀರ್ಥಕ್ಷೇತ್ರಗಳಿಗೆ ವಾಹನವನ್ನೇರಿ ಹೋಗಬಹುದೇ ಎಂಬ ಪ್ರಶ್ನೆ ಇಂದಿನದಲ್ಲ. ಐಶ್ವರ್ಯದ ಹಮ್ಮಿನಿಂದಲೋ ಲೋಭಮೋಹಗಳಿಂದಲೋ ಯಾನವನ್ನೇರಿ ಹೋದವನ ಯಾತ್ರೆಯು ನಿಷ್ಫಲವೆಂದು ಮತ್ಸ್ಯಪುರಾಣದ ಪ್ರಯಾಗಮಾಹಾತ್ಮ್ಯದಲ್ಲಿ ಹೇಳಿದೆ. ಎತ್ತಿನ ಮೇಲೆ ಕುಳಿತು ಹೋಗುವವನಿಗಂತೂ ನರಕಪ್ರಾಪ್ತಿಯನ್ನೇ ಹೇಳಿದೆ. ವೃದ್ಧರಿಗೂ ಅಶಕ್ತರಿಗೂ ಯಾನವು ಸಲ್ಲುವುದೆಂಬುದು ಶಿಷ್ಟಾಚಾರದಿಂದಲೇ ಸಿದ್ಧವಾಗಿರುವುದರಿಂದ, ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರು ದೂರದ ಉಡುಪಿಗೆ ಕಾರಿನಲ್ಲಿ ಹೋಗುವ ಸಜ್ಜನರು ಈ ವಚನದಿಂದ ಕಳವಳಪಡಬೇಕಾಗಿಲ್ಲ. ಆದರೆ ನಿಷೇಧದ ಕಾರಣವನ್ನು ವಿಚಾರಿಸದೆ ವಿನಾಯಿತಿಯನ್ನು ಮಾತ್ರ ಹಿಡಿದುಕೊಳ್ಳುವುದು ಯುಕ್ತವಲ್ಲ. ಏರಿದವನ ಗರ್ವ ಒಂದು ಕಾರಣ. ಹೊತ್ತ ಪ್ರಾಣಿಯ ನೋವು ಇನ್ನೊಂದು. ಕಾರಿಗೆ ಎತ್ತಿಲ್ಲ, ನಿಜ. ಇಂಜಿನ್ನಿಗೆ ನೋವಿಲ್ಲ. ಆದರೆ ಸ್ಟಿಯರಿಂಗ್ ಹಿಡಿದು ಕುಳಿತವನಿಗೆ ಹಸಿವುಂಟು, ನಿದ್ರೆಯುಂಟು, ದಾರಿ ಕಾಯುವ ಮನೆಯುಂಟು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ನಮ್ಮ ಕುಟುಂಬಗಳಲ್ಲಿ ಹಿರಿಯರು ಊರಿನಲ್ಲಿಯೂ ಮಕ್ಕಳು ಬೆಂಗಳೂರಿನಲ್ಲಿಯೂ ಇರುವುದು ಸಾಮಾನ್ಯವಾಗಿದೆ. ಉಡುಪಿಯ ಯಾತ್ರೆಯೆಂದರೆ ರಾಜಧಾನಿಯಲ್ಲಿ ಒಂದು ಕಾರನ್ನು ಬಾಡಿಗೆಗೆ ಗೊತ್ತುಮಾಡಿ, ಕುಣಿಗಲ್ಲಿನ ಮೇಲೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸನ್ನು ದಾಟಿ ಚನ್ನರಾಯಪಟ್ಟಣಕ್ಕೆ ನೇರವಾಗಿ ಹೋಗುವುದು. ಇಲ್ಲವೇ ಮೊದಲು ಶ್ರೀರಂಗಪಟ್ಟಣಕ್ಕೆ ಬಂದು ಆದಿರಂಗನ ದರ್ಶನ ಮಾಡಿ, ಪಾಂಡವಪುರದಲ್ಲಿಯೋ ಕೃಷ್ಣರಾಜಪೇಟೆಯಲ್ಲಿಯೋ ಅಜ್ಜಿ ತಾತಂದಿರನ್ನು ಹತ್ತಿಸಿಕೊಂಡು ಅದೇ ಚನ್ನರಾಯಪಟ್ಟಣವನ್ನು ಸೇರುವುದು. ಅಲ್ಲಿಂದ ಹಾಸನ, ಸಕಲೇಶಪುರ, ಶಿರಾಡಿ ಘಟ್ಟ, ಉಪ್ಪಿನಂಗಡಿ, ಬಿ.ಸಿ.ರೋಡ್, ಕೊನೆಗೆ ಉಡುಪಿ. ಮರುದಿನ ಮಲ್ಪೆಯ ಕಡಲು. ಮಕ್ಕಳಿಗೆ ದೇವರ ದರ್ಶನಕ್ಕಿಂತ ಆ ಕಡಲಿನ ಮೇಲೆಯೇ ಹೆಚ್ಚು ಧ್ಯಾನವೆಂದು ಹಿರಿಯರು ಆಕ್ಷೇಪಿಸುವುದುಂಟು. ನಮ್ಮ ಸಂಪ್ರದಾಯಕ್ಕೆ ಆ ಕಡಲು ಹೊರಗಿನದಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ತೊಡಕು ಇರುವುದು ಹೊರಡುವ ಹೊತ್ತಿನಲ್ಲಿ. ಎಲ್ಲರಿಗೂ ರಜೆ ಕಡಿಮೆ. ಆದುದರಿಂದ ಕಚೇರಿ ಮುಗಿಸಿ ಕತ್ತಲಾದ ಮೇಲೆ ಹೊರಟು ಬೆಳಗಿನ ದರ್ಶನಕ್ಕೆ ಉಡುಪಿ ಸೇರುವ ಪದ್ಧತಿ ಬೆಳೆದಿದೆ. ಏಕಾದಶಿಯ ಸಂಜೆ ಹೊರಟು ದ್ವಾದಶಿಯ ಪಾರಣೆಯನ್ನು ಕ್ಷೇತ್ರದಲ್ಲಿಯೇ ಮಾಡಬೇಕೆಂಬುವರೂ ಉಂಟು; ಸಾಧನದ್ವಾದಶಿಯಾದರಂತೂ ಪಾರಣೆಯ ಕಾಲ ಅತ್ಯಲ್ಪ. ಹಿಂದೆ ಕುಳಿತವರು ವಿಷ್ಣುಸಹಸ್ರನಾಮ ಮುಗಿಸಿ ನಿದ್ರಿಸುತ್ತಾರೆ. ಮುಂದೆ ಕುಳಿತವನು ಎಂಟೊಂಬತ್ತು ಗಂಟೆಗಳ ಕಾಲ ನಿದ್ರಿಸಕೂಡದು. ಹಗಲಿನಲ್ಲಿ ಅವನು ನಗರದೊಳಗೆ ಇನ್ನಾರನ್ನೋ ಸುತ್ತಿಸಿ ಬಂದಿದ್ದಾನೆಯೇ ಎಂದು ಹೊರಡುವ ಮುನ್ನ ಕೇಳುವವರು ಎಷ್ಟು ಮಂದಿ?

ಇಲ್ಲಿ ಪೂರ್ವಪಕ್ಷವುಂಟು. ಕಿಲೋಮೀಟರಿಗಿಷ್ಟೆಂದು ಬಾಡಿಗೆ ಕೊಟ್ಟಿದ್ದೇವೆ, ಟೋಲ್ ಕೊಟ್ಟಿದ್ದೇವೆ, ರಾತ್ರಿಯ ಬಾಟಾ ಬೇರೆ ಕೊಟ್ಟಿದ್ದೇವೆ. ಅವನು ಒಪ್ಪಿಯೇ ಬಂದಿದ್ದಾನೆ. ಇನ್ನು ಋಣವೆಲ್ಲಿಯದು ಎಂದು. ಇದಕ್ಕೆ ಸಮಾಧಾನ: ಹಣವು ದೂರದ ಬೆಲೆ, ನಿದ್ರೆಯ ಬೆಲೆಯಲ್ಲ. ಲೌಕಿಕ ಕಾನೂನೇ ಇದನ್ನು ಬೇರ್ಪಡಿಸಿ ನೋಡಿದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯನ್ನು ಸಾಮಾನ್ಯ ಮಿತಿಯನ್ನಾಗಿ ಇಟ್ಟಿತ್ತು. ನಡುವೆ ವಿಶ್ರಾಂತಿಯನ್ನೂ ವಿಧಿಸಿತ್ತು. ಆದರೆ ಅದು ಐದು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳನ್ನು ಕುರಿತದ್ದಾಗಿತ್ತು. ಸಾಲ ಮಾಡಿ ಒಂದೇ ಕಾರು ಕೊಂಡು ತಾನೇ ಓಡಿಸುವವನಿಗೆ ಅದರ ರಕ್ಷಣೆಯಿರಲಿಲ್ಲ. ತಿಂಗಳ ಕಂತು ಕಟ್ಟಬೇಕಾದವನು ಬಂದ ಬಾಡಿಗೆಯನ್ನು ಬೇಡವೆನ್ನಲಾರ. ಅಂಥವನ ಒಪ್ಪಿಗೆಯನ್ನು ಪೂರ್ಣವಾದ ಒಪ್ಪಿಗೆಯೆಂದು ಹೇಳಲು ನನ್ನ ಮನಸ್ಸು ಒಪ್ಪದು. ಕಾನೂನು ಎಲ್ಲಿ ಕೈಬಿಟ್ಟಿತೋ ಅಲ್ಲಿಂದ ಧರ್ಮದ ಕೆಲಸ ಮೊದಲಾಗುತ್ತದೆ.

ಇನ್ನೊಂದು ಪಕ್ಷ ಇದಕ್ಕಿಂತ ಸೂಕ್ಷ್ಮವಾದುದು. ಎಲ್ಲವೂ ಹರಿಚಿತ್ತ, ಕೃಷ್ಣನ ದರ್ಶನಕ್ಕೆ ಹೊರಟವರನ್ನು ಕೃಷ್ಣನೇ ಕಾಯುವನು ಎನ್ನುವರು. ಮಾತು ಭಕ್ತಿಯದೇ. ಆದರೆ ಅದನ್ನು ಹೇಳುವ ಸಂದರ್ಭ ಸರಿಯಲ್ಲ. ನಮ್ಮ ಸಿದ್ಧಾಂತದಲ್ಲಿ ಜೀವನ ಕರ್ತೃತ್ವವು ಪರಾಧೀನವೇ ಹೊರತು ಇಲ್ಲವೇ ಇಲ್ಲವೆಂದಲ್ಲ. ಜೀವನು ಕರ್ತೃವಲ್ಲವಾದರೆ ಮಾಡು, ಮಾಡಬೇಡ ಎಂಬ ಶಾಸ್ತ್ರವೇ ವ್ಯರ್ಥವಾದೀತೆಂದು ಸೂತ್ರಕಾರರು ನಿರ್ಣಯಿಸಿದ್ದಾರೆ. ಮಾಡಿದವನಿಗೆ ಮಾತ್ರವಲ್ಲ, ಮಾಡಿಸಿದವನಿಗೂ ಪ್ರೇರಿಸಿದವನಿಗೂ ಫಲದಲ್ಲಿ ಪಾಲುಂಟೆಂಬುದು ಎಲ್ಲರೂ ಬಲ್ಲ ವಿಷಯ. ಹಿಂದಿನ ಸೀಟಿನಿಂದ "ಸ್ವಲ್ಪ ಬೇಗ ಹೋಗಪ್ಪ, ಪಾರಣೆಗೆ ಹೊತ್ತಾಗುತ್ತದೆ" ಎಂದವನು ಪ್ರೇರಕನಲ್ಲದೆ ಮತ್ತೇನು? ಹರಿಯ ಮೇಲೆ ಭಾರ ಹಾಕುವುದು ನಮ್ಮ ಪಾಲಿನ ಕರ್ತವ್ಯವನ್ನು ಮುಗಿಸಿದ ಮೇಲಿನ ಮಾತು.

ಉಪವಾಸದ ವಿಷಯವನ್ನೂ ನೋಡೋಣ. ಏಕಾದಶಿಯಂದು ಮನೆಯವರೆಲ್ಲರೂ ನಿರಾಹಾರಿಗಳು. ಆದುದರಿಂದ ದಾರಿಯಲ್ಲಿ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಬೇಕೆಂದು ಯಾರಿಗೂ ತೋಚುವುದಿಲ್ಲ. ಕೇಳಲು ಚಾಲಕನಿಗೆ ಸಂಕೋಚ. ನಾವು ಸಂಕಲ್ಪಪೂರ್ವಕವಾಗಿ ಮಾಡಿದ ಉಪವಾಸದ ಫಲ ನಮಗೆ; ಅವನ ಮೇಲೆ ಹೊರಿಸಿದ ಉಪವಾಸದ ಫಲವನ್ನು ಉಣ್ಣುವವರು ಯಾರು?

ನಮ್ಮ ತಂದೆಯವರು ಅರ್ಚಕರು. ದೂರದ ಊರಿನಿಂದ ಬಂದವರಿಗೆ ಪ್ರಸಾದದ ಎಲೆ ಹಾಕಿಸುವಾಗ, ಗಾಡಿಯವರೂ ಸೇರಿ ಎಷ್ಟು ಜನ ಎಂದು ಕೇಳುವುದು ಅವರ ವಾಡಿಕೆ. ಬಹಳ ಮಂದಿ "ನಾವು ಆರು ಜನ, ಸ್ವಾಮಿ" ಎನ್ನುತ್ತಾರೆ. ಆಮೇಲೆ ಒಂದು ಕ್ಷಣ ತಡೆದು ಹೊರಗೆ ಗಾಜು ಒರೆಸುತ್ತಿರುವವನ ಕಡೆ ನೋಡುತ್ತಾರೆ. ಅವರು ಕೆಟ್ಟವರಲ್ಲ. ಎಣಿಕೆಯಲ್ಲಿ ಅವನು ಸೇರಬೇಕೆಂಬ ಅಭ್ಯಾಸವಿಲ್ಲ, ಅಷ್ಟೆ. ಚಾಲಕನು ಅನ್ಯಮತದವನಾಗಿದ್ದರೆ ಏನು ಮಾಡುವುದೆಂದು ಕೆಲವರು ಕೇಳುತ್ತಾರೆ. ಅವನು ಒಪ್ಪುವ ಕಡೆ ಅವನಿಗೆ ಊಟ ಮಾಡಿಸುವುದು. ನಿದ್ರೆಗೆ ಮತವಿಲ್ಲ.

ಮಹಾಭಾರತದ ದ್ರೋಣಪರ್ವದಲ್ಲಿ ಇದಕ್ಕೆ ಹೊಂದುವ ಪ್ರಸಂಗವೊಂದುಂಟು. ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಅರ್ಜುನನ ಪ್ರತಿಜ್ಞೆ. ಹೊತ್ತು ಸರಿಯುತ್ತಿದೆ, ಶತ್ರುಸೇನೆಯ ನಡುವೆ ರಥ ಇನ್ನೂ ದೂರ ಸಾಗಬೇಕಾಗಿದೆ, ಕುದುರೆಗಳು ಬಾಣಗಳಿಂದ ಗಾಯಗೊಂಡು ಬಳಲಿವೆ. ಆಗ ರಥ ನಿಂತಿತು. ಅರ್ಜುನನು ನೆಲಕ್ಕಿಳಿದು ಏಕಾಕಿಯಾಗಿ ಸೇನೆಯನ್ನು ತಡೆದನು. ಬಾಣದಿಂದ ನೆಲವನ್ನು ಭೇದಿಸಿ ಕೊಳವನ್ನು ನಿರ್ಮಿಸಿದನು. ಜಗತ್ಸ್ವಾಮಿಯಾದ ಶ್ರೀಕೃಷ್ಣನು ಕುದುರೆಗಳನ್ನು ಬಿಚ್ಚಿ, ಬಾಣಗಳನ್ನು ಕಿತ್ತು, ಮೈಯುಜ್ಜಿ, ನೀರು ಕುಡಿಸಿ, ಅವುಗಳ ದಣಿವಾರಿದ ಮೇಲೆಯೇ ಮತ್ತೆ ಹೂಡಿದನು. ಪಾರಣೆಯ ಗಡುವು ಆ ಸೂರ್ಯಾಸ್ತದ ಗಡುವಿಗಿಂತ ಬಿಗಿಯಾದುದೇ? ಸಾರಥ್ಯವನ್ನು ಸ್ವತಃ ವಹಿಸಿದವನ ದರ್ಶನಕ್ಕೆಂದು ಹೋಗುವಾಗ ಸಾರಥಿಯನ್ನು ಮರೆಯುವುದು ವಿಚಿತ್ರವಾಗಿಯೇ ಇದೆ.

ಮಲ್ಪೆಯ ಮಾತಿಗೆ ಬರುತ್ತೇನೆ. ದ್ವಾರಕೆಯ ಕಡೆಯಿಂದ ಬಂದ ನೌಕೆ ಬಿರುಗಾಳಿಗೆ ಸಿಕ್ಕಿದಾಗ ದಡದಲ್ಲಿದ್ದ ಶ್ರೀಮದಾಚಾರ್ಯರು ವಸ್ತ್ರವನ್ನು ಬೀಸಿ ಅದನ್ನು ತೀರಕ್ಕೆ ತಂದರೆಂದೂ, ಕೃತಜ್ಞನಾದ ನಾವಿಕನು ಏನನ್ನಾದರೂ ಸ್ವೀಕರಿಸಬೇಕೆಂದಾಗ ಗೋಪೀಚಂದನದ ಗಡ್ಡೆಯನ್ನು ಮಾತ್ರ ಕೇಳಿ ಪಡೆದರೆಂದೂ, ಅದರೊಳಗೆ ಶ್ರೀಕೃಷ್ಣನ ಪ್ರತಿಮೆಯಿತ್ತೆಂದೂ ಸಂಪ್ರದಾಯ. ಇಲ್ಲಿ ಕ್ರಮವನ್ನು ಗಮನಿಸಬೇಕು: ಮೊದಲು ನೌಕೆಯವರ ಪ್ರಾಣ ಉಳಿಯಿತು, ಆಮೇಲೆ ಕೃಷ್ಣನು ದೊರೆತನು. ಉಡುಪಿಯ ಸ್ವಾಮಿಯೂ ಒಬ್ಬ ಸರಕಿನ ನಾವಿಕನ ದುಡಿಮೆಯಿಂದಲೇ ಆ ತೀರಕ್ಕೆ ಬಂದವನು.

ಹಾಗಾದರೆ ಖರ್ಚು? ದಾರಿಯಲ್ಲಿ ತಂಗಿದರೆ ಕೋಣೆಗಳ ಬಾಡಿಗೆ, ಚಾಲಕನಿಗೊಂದು ಹಾಸಿಗೆ, ಇನ್ನೊಂದು ದಿನದ ಕಾರಿನ ಬಾಡಿಗೆ. ಇಷ್ಟು ಹಣವಿಲ್ಲದವರು ಒಂದು ಸೇವೆಯನ್ನು ಕಡಿಮೆ ಮಾಡಿಸಬೇಕಾದೀತು. ಮಾಡಿಸಲಿ ಎಂದೇ ನನ್ನ ಅಭಿಪ್ರಾಯ. ಅರ್ಚಕರ ಮನೆಯವನು ಹೀಗೆ ಹೇಳಿ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡನೆಂದು ನಗುವವರು ನಗಲಿ. ಹಣ ಉಳಿಸಲೆಂದು ಪರಿಚಿತರ ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಹಿಡಿದು, ತಡೆದು ಕೇಳಿದವರಿಗೆ ನೆಂಟರ ಕಾರೆಂದು ಹೇಳುವುದಂತೂ ಸುಳ್ಳಿನಿಂದ ಯಾತ್ರೆಯನ್ನು ಆರಂಭಿಸಿದಂತೆ. ಅದಕ್ಕಿಂತ ರೈಲು ಲೇಸು. ಹಾಸನ ಮಂಗಳೂರು ಮಾರ್ಗದಲ್ಲಿ ನಿಂತುಹೋಗಿದ್ದ ಪ್ರಯಾಣಿಕರ ರೈಲು 2007ರಿಂದ ಮತ್ತೆ ಓಡುತ್ತಿದೆ.

ಕಾರೇ ಆಗಬೇಕೆಂಬುವರು ದಶಮಿಯ ಬೆಳಿಗ್ಗೆಯೇ ಹೊರಟರೆ ಕತ್ತಲಾಗುವ ಮುನ್ನ ಘಟ್ಟವನ್ನು ಇಳಿಯಬಹುದು. ಏಕಾದಶಿಯನ್ನು ಕ್ಷೇತ್ರದಲ್ಲಿಯೇ ಆಚರಿಸಬಹುದು. ಚಾಲಕನು ಅಂದು ಉಂಡು ಮಲಗಿರಬಹುದು. ಅಷ್ಟಮಿಗೆ ಹೋಗುವವರು ಮಳೆಗಾಲವೆಂಬುದನ್ನೂ ನೆನೆಯಬೇಕು. 2021ರ ಜುಲೈಯಲ್ಲಿ ಸಕಲೇಶಪುರದ ಬಳಿ ದೋಣಿಗಾಲಿನಲ್ಲಿ ರಸ್ತೆಯೇ ಕುಸಿದು ಸಂಚಾರ ನಿಂತಿತ್ತು. ಅಂಥ ದಾರಿಯಲ್ಲಿ ಕತ್ತಲು ಮುಸುಕಿದಾಗ, "ಇನ್ನು ಮುಂದೆ ಬೇಡ, ಹಾಸನದಲ್ಲಿಯೇ ತಂಗೋಣ" ಎಂದು ಚಾಲಕನು ಹೇಳಿದರೆ, ಯಜಮಾನರು ಗಡಿಯಾರವನ್ನು ನೋಡದೆ ಹೂಂಗುಟ್ಟತಕ್ಕದ್ದು.