ಪಕ್ಕದ ಸೀಟು

ಗಾಡಿ ಓಡಿಸುವವನಿಗೆ ವಾಂತಿ ಬರುವುದು ಅಪರೂಪ. ಅಂಕೋಲೆಯಿಂದ ಯಲ್ಲಾಪುರಕ್ಕೆ ಅರಬೈಲು ಘಟ್ಟ ಹತ್ತುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ನಿಂಬೆಹಣ್ಣು ಮೂಸುತ್ತ ಕುಳಿತವರನ್ನು ನೀವೂ ನೋಡಿರಬಹುದು. ಅದೇ ತಿರುವು, ಅದೇ ಕುಲುಕಾಟ. ಆದರೂ ಡ್ರೈವರ್ ಎಲೆಯಡಿಕೆ ಮೆಲ್ಲುತ್ತ ಆರಾಮಾಗಿರುತ್ತಾನೆ. ಅವನ ಹೊಟ್ಟೆ ನಮ್ಮದಕ್ಕಿಂತ ಗಟ್ಟಿಯೆಂದಲ್ಲ. ತಿರುವು ಬರುವ ಮೊದಲೇ ಅವನಿಗದು ಗೊತ್ತು. ಮೈ ಸಜ್ಜಾಗಿರುತ್ತದೆ, ಹಿಡಿದುಕೊಳ್ಳಲು ಕೈಯಲ್ಲಿ ಸ್ಟಿಯರಿಂಗ್ ಇರುತ್ತದೆ. ಉಳಿದವರಿಗೆ ಎಲ್ಲವೂ ಒಂದು ಕ್ಷಣ ತಡವಾಗಿ ತಿಳಿಯುತ್ತದೆ.

ಈ ಸಣ್ಣ ಸಂಗತಿಯನ್ನು ನಾನು ದೊಡ್ಡದಾಗಿ ಯೋಚಿಸುವಂತೆ ಮಾಡಿದವನು ನನ್ನ ತಂಗಿಯ ಮಗ. ಹಾರವಾಡದಲ್ಲಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಎರಡು ವರ್ಷ ಕಳೆದು ಅವನೊಂದು ಕಾರು ಕಟ್ಟಿದ್ದಾನೆ. ಗುಜರಿಗೆ ಹೋಗಬೇಕಿದ್ದ ಮಾರುತಿ 800ರ ಇಂಜಿನ್ನು, ಗೇರು, ಚಕ್ರ. ತಾನೇ ವೆಲ್ಡಿಂಗ್ ಮಾಡಿದ ಪೈಪಿನ ಚಾಸಿ. ಮೇಲೆ ತೆಳು ತಗಡು. ಎರಡೇ ಸೀಟು, ಬಾಗಿಲಿಲ್ಲ, ಮಾಡಿಲ್ಲ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಇವನ ಆದರ್ಶ. ಅದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬಹುದಿತ್ತು. ಹಾಗೆ ಮಾಡಿದರೆ ಅಲ್ಲಿ ತೆರಿಗೆಯೂ ಉಳಿಯುತ್ತಿತ್ತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಕೊಟ್ಟ ರೂಪವನ್ನು ಬದಲಿಸಗೊಡದು. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಈ ಕಾರಿಗೆ ಕೆಎ-30ರ ನಂಬರೂ ಇಲ್ಲ, ಹೆದ್ದಾರಿಯ ಯೋಗವೂ ಇಲ್ಲ. ನಮ್ಮದೇ ಬೇಣದ ಕೆಮ್ಮಣ್ಣಿನ ದಾರಿಯಲ್ಲಿ ಅದರ ಓಟ.

ಮೈ ಹಗುರಾದ್ದರಿಂದ ಹಳೆಯ ಸ್ಪ್ರಿಂಗಿಗೆ ಭಾರ ಸಾಲದೆ ಕಾರು ಎತ್ತರಕ್ಕೆ ನಿಂತಿತು. ಕಾಲು ನೀಡಿದ ಕೊಕ್ಕರೆಯಂತಿದ್ದರೆ ಅದೆಂಥ ಸ್ಪೋರ್ಟ್ಸ್ ಕಾರು? ಹುಡುಗ ಸ್ಪ್ರಿಂಗಿನ ಒಂದು ಸುತ್ತನ್ನು ಕೊಯ್ದುಬಿಟ್ಟ. ಇಲ್ಲೊಂದು ಸ್ವಾರಸ್ಯವಿದೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದನ್ನು ತೆಗೆದರೆ ಎತ್ತರ ಇಳಿಯುವುದಷ್ಟೇ ಅಲ್ಲ. ಮೊದಲು ಆರು ಸುತ್ತು ಹಂಚಿಕೊಳ್ಳುತ್ತಿದ್ದ ಬಾಗನ್ನು ಈಗ ಐದೇ ಹೊರಬೇಕು. ಸ್ಪ್ರಿಂಗು ಐದರಲ್ಲೊಂದು ಪಾಲು ಹೆಚ್ಚು ಗಡಸಾಗುತ್ತದೆ. ಗಿಡ್ಡ ಮಾಡಲು ಹೋದವನಿಗೆ ಗಡಸುತನ ಕೇಳದೆಯೇ ಸಿಗುತ್ತದೆ.

ಅವನಿಗೆ ಅದು ಹಿಡಿಸಿತು. ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾಯಿತು, ಸ್ಟಿಯರಿಂಗ್ ಹೇಳಿದ್ದು ಕೇಳುತ್ತದೆ ಎಂದ. ಆದರೆ ಮೊದಲ ಸವಾರಿಗೆ ಪಕ್ಕದಲ್ಲಿ ಕೂತ ನನ್ನ ತಂಗಿ ಸೊಂಟ ಹಿಡಿದುಕೊಂಡೇ ಇಳಿದಳು. “ನಂಗೆ ಎಂತದೂ ಗೊತ್ತಾಗೂದೇ ಇಲ್ಲ ಆಯಿ, ನಿಂದು ಬರೀ ಹೆದರಿಕೆ” ಎಂದು ಅವನು ನಕ್ಕ.

ಅವನು ಸುಳ್ಳು ಹೇಳಲಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಇದೇ. ತನ್ನಂತೆಯೇ ಇತರರನ್ನೂ ಕಾಣಬೇಕೆಂದು ನಮಗೆಲ್ಲ ಸಣ್ಣಂದಿನಿಂದ ಹೇಳಿಕೊಟ್ಟಿದ್ದಾರೆ. ಹುಡುಗ ಮಾಡಿದ್ದೂ ಅದನ್ನೇ ಅಲ್ಲವೆ? ತನಗೆ ಸಹ್ಯವಾದದ್ದು ತಾಯಿಗೂ ಸಹ್ಯವೆಂದು ಬಗೆದ. ಒಂದೇ ಕಾರು, ಒಂದೇ ಹೊಂಡ, ಆದರೆ ಎರಡು ಸೀಟು ಒಂದೇ ಅಲ್ಲ. ಹೊಂಡ ಅವನ ಪಾಲಿಗೆ ಕಂಡು ಬರುವಂಥದು, ಅವಳ ಪಾಲಿಗೆ ಬಂದಮೇಲೆ ಕಾಣುವಂಥದು. “ನಾನೂ ಅನುಭವಿಸುತ್ತಿದ್ದೇನಲ್ಲ” ಎಂಬ ಮಾತು ಎಷ್ಟು ಪ್ರಾಮಾಣಿಕವೋ ಅಷ್ಟೇ ಅಪಾಯದ್ದು.

ಕೂರಲಾಗದಿದ್ದರೆ ಕೂರದಿದ್ದರಾಯಿತು ಎನ್ನಬಹುದು. ಮಗನ ಕಾರಿಗೆ ಹತ್ತುವುದಿಲ್ಲ ಎನ್ನುವ ತಾಯಿ ಎಲ್ಲಿದ್ದಾಳೆ? ಆಯ್ಕೆಯೇ ಇಲ್ಲದೆ ಕೂತವರೂ ಇದ್ದಾರೆ. ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ದಿನಗಳು ನಮ್ಮ ಸೀಮೆಯವರಿಗೆ ಮರೆತಿಲ್ಲ. ಮಿತಿಮೀರಿ ಹೇರುವ ಲಾರಿಗೆ ಕಮಾನಿನಡಿ ಇನ್ನೊಂದು ಪಾಟಾ ಸೇರಿಸಿಬಿಟ್ಟರೆ ಅದು ಕುಸಿಯುವುದಿಲ್ಲ. ಹಾಗೆಂದು ಭಾರ ಎಲ್ಲಿಗೆ ಹೋದೀತು? ರಸ್ತೆಗೆ. ಹುಬ್ಬಳ್ಳಿ ರಸ್ತೆ ಕಿತ್ತುಹೋದಮೇಲೆ ಅದರಲ್ಲಿ ಕುಲುಕಿದವರು ಬಸ್ಸಿನ ಹಿಂದಿನ ಸೀಟಿನ ಮುದುಕರು, ಬಸುರಿಯರು.

ಹಾಗೆಂದು ಮೆತ್ತಗೆ ಮಾಡಿದವನೇ ನೀತಿವಂತ ಎಂದೂ ಹೇಳಲಾರೆ. ತೀರ ಮೆತ್ತಗಾದರೆ ಹೊಂಡದಲ್ಲಿ ಚಾಸಿ ನೆಲಕ್ಕೆ ಬಡಿಯುತ್ತದೆ, ಶಾಕ್ ಅಬ್ಸರ್ಬರ್ ಹೊಂದದಿದ್ದರೆ ಕಾರು ದೋಣಿಯಂತೆ ತೂಗುತ್ತದೆ. ಆದರೆ ಸ್ಪೋರ್ಟ್ಸ್ ಎಂದಮೇಲೆ ಗಡಸಾಗಿರಲೇಬೇಕು ಎಂಬುದೂ ಸುಳ್ಳು; ಅದೇ ಚಾಪ್‌ಮನ್‌ನ 1962ರ ಇಲಾನ್ ಹೆಸರಾದದ್ದೇ ಮೃದುವಾದ ಸ್ಪ್ರಿಂಗಿನ ಮೇಲೂ ಸೊಗಸಾಗಿ ತಿರುಗುತ್ತಿದ್ದುದಕ್ಕೆ. ನನಗೆ ಇನ್ನೂ ಪ್ರಿಯವಾದದ್ದು ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1948ರಲ್ಲಿ ಜನರ ಮುಂದಿಟ್ಟ 2ಸಿವಿ ಎಂಬ ರೈತರ ಕಾರಿನ ಕತೆ. ಒಂದು ಬುಟ್ಟಿ ಮೊಟ್ಟೆಯಿಟ್ಟುಕೊಂಡು ಉತ್ತ ಹೊಲ ದಾಟಿದರೂ ಒಂದೂ ಒಡೆಯಕೂಡದು ಎಂಬುದು ಅದನ್ನು ಕಟ್ಟಿದವರಿಗೆ ಹಾಕಿದ ಷರತ್ತಂತೆ. ಎಷ್ಟು ಗಡಸು ಸಾಕೆಂದು ತೀರ್ಮಾನಿಸುವ ಹಕ್ಕನ್ನು ಮೊಟ್ಟೆಗೆ ಬಿಟ್ಟರು. ಮೊಟ್ಟೆಗೆ ಸ್ಟಿಯರಿಂಗ್ ಇರುವುದಿಲ್ಲ.

ಈ ಕತೆ ಹೇಳಿದಾಗ ಹುಡುಗ ಏನೂ ಅನ್ನಲಿಲ್ಲ. ಮರುದಿನ ಸ್ಟಿಯರಿಂಗ್ ನನಗೆ ಕೊಟ್ಟು, ತಾನು ಎಡಗಡೆ ಕಣ್ಣು ಮುಚ್ಚಿ ಕೂತ. ಎರಡನೆಯ ಹೊಂಡಕ್ಕೇ “ನಿಲ್ಸು ಮಾಮಾ” ಎಂದ. ಕೊಯ್ದ ಸ್ಪ್ರಿಂಗಿಗೆ ಸುತ್ತು ಮರಳಿ ಬರುವುದಿಲ್ಲ. ಕಾರವಾರದ ಗುಜರಿಯಲ್ಲಿ ಹುಡುಕಿ ಬೇರೆ ಜೋಡಿ ತಂದಿದ್ದಾನೆ, ಶಾಕ್ ಅಬ್ಸರ್ಬರನ್ನೂ ಬದಲಿಸಿದ್ದಾನೆ. ಈಗ ತಿರುವಿನಲ್ಲಿ ತುಸು ವಾಲುತ್ತದೆ. ಅದು ಅವನಿಗೆ ಇನ್ನೂ ಸರಿಬಿದ್ದಿಲ್ಲ. ತಂಗಿ ದಿನಾ ಸಂಜೆ ಕೊಟ್ಟಿಗೆಯತನಕ ಹೋಗಿ ನೋಡಿ ಬರುತ್ತಾಳೆ. ಇನ್ನೂ ಹತ್ತಿಲ್ಲ.