ಕೈ ಮೊದಲು ಯಾರ ಕಡೆಗೆ?



ದಬ್ಬೇಘಟ್ಟದಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಒಂದು ಕಾರು ಸೈಕಲ್ಲಿನವನಿಗೆ ಬಡಿದು ನಿಂತಿತೆಂದು ಭಾವಿಸೋಣ. ಸದ್ದು ಕೇಳಿ ತೋಟದಲ್ಲಿ ಕಾಯಿ ಸುಲಿಯುತ್ತಿದ್ದವರೆಲ್ಲರೂ ಓಡಿಬರುವರು. ಆಗ ನಮ್ಮ ಕೈ ಮೊದಲು ಎಲ್ಲಿಗೆ ಹೋಗುವದು? ಬಿದ್ದವನ ಗಾಯಕ್ಕೋ, ಕಾರು ನಡಿಸಿದವನ ಕೊರಳಪಟ್ಟಿಗೋ?

ಹಲವು ಸಾರಿ ಕೊರಳಪಟ್ಟಿಗೇ ಎಂದು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ. ಇದನ್ನು ನ್ಯಾಯವೆನ್ನುತ್ತೇವೆ. ಆದರೆ 1988ನೆಯ ಇಸವಿಯ ಮೋಟಾರು ವಾಹನ ಕಾಯಿದೆಯ 134ನೆಯ ಕಲಮನ್ನು ನೋಡಿರಿ. ಗಾಯಪಟ್ಟವನಿಗೆ ವೈದ್ಯರ ಸಹಾಯವನ್ನು ಚಾಲಕನು ದೊರಕಿಸತಕ್ಕದ್ದು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸತಕ್ಕದ್ದು. ಆದರೂ ಗುಂಪಿನ ಕೋಪದಿಂದ ಆ ಸಹಾಯವು ಅಸಾಧ್ಯವಾದರೆ ಅವನಿಗೆ ವಿನಾಯಿತಿಯುಂಟು. ಕಾಯಿದೆಯೇ ನಮ್ಮ ಕೋಪವನ್ನು ಹೆಸರಿಸಿತಲ್ಲಾ! ಓಡಿದವನ ತಪ್ಪು ಅವನದೇ. ಆದರೆ ಅವನ ಬಾಯಿಗೆ ನೆವವನ್ನು ಕೊಟ್ಟವರು ನಾವಲ್ಲವೋ? ಗಾಯಪಟ್ಟವನನ್ನು ಸಾಗಿಸಬಹುದಾಗಿದ್ದ ಕಾರೂ ಅವನೊಡನೆ ಹೋಯಿತು.

ಇನ್ನು ಕೆಲವರು ಹೊಡೆಯುವದೂ ಇಲ್ಲ, ಮುಟ್ಟುವದೂ ಇಲ್ಲ. ಕೋರ್ಟು ಕಚೇರಿಗೆ ಅಲೆಯಬೇಕಾದೀತೆಂದು ದೂರ ನಿಲ್ಲುತ್ತಾರೆ. 2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ನಮ್ಮ ನೆರೆಯ ಗುಬ್ಬಿ ಸೀಮೆಯ ಹರೀಶನೆಂಬ ಯೌವನಸ್ಥನು ಲಾರಿಗೆ ಸಿಕ್ಕಿ, ದೇಹವು ಎರಡು ತುಂಡಾಗಿದ್ದರೂ, ತನ್ನ ಅವಯವಗಳನ್ನು ಬೇರೆಯವರಿಗೆ ಕೊಡಿರೆಂದು ಬೇಡಿಕೊಂಡನು. ಅವನ ಕಣ್ಣುಗಳು ದಾನವಾದವು. ಅಪಘಾತಕ್ಕೆ ಸಿಕ್ಕಿದವರಿಗೆ ಮೊದಲ 48 ಗಂಟೆ 25,000 ರೂಪಾಯಿಯ ವರೆಗೆ ಉಚಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಸರಕಾರವು ಅದೇ ವರುಷ ಅವನ ಹೆಸರಿನಲ್ಲಿ ಆರಂಭಿಸಿತು. ಸಾಯುವವನು ಪರರನ್ನು ನೆನಸಿದನು. ಕೈಕಾಲು ನೆಟ್ಟಗಿರುವ ನಾವು ನಮ್ಮನ್ನೇ ನೆನಸುವದೋ?

ಆ ಭಯಕ್ಕೂ ಈಗ ಆಧಾರವಿಲ್ಲ. 2019ರಲ್ಲಿ ಸೇರಿಸಿದ 134ಎ ಕಲಮಿನ ಮೇರೆಗೆ, ಒಳ್ಳೆಯ ಮನಸ್ಸಿನಿಂದ ಸಹಾಯಮಾಡಿದವನ ಮೇಲೆ ಹೊಣೆ ಹೊರಿಸಕೂಡದು. ಅವನ ಹೆಸರನ್ನು ಬಲವಂತವಾಗಿ ಕೇಳಕೂಡದು. ಕಾಯಿದೆಯು ಅವನನ್ನು ಒಳ್ಳೆಯ ಸಮಾರ್ಯದವನೆಂದೇ ಕರೆಯುತ್ತದೆ. ಆ ಹೆಸರು ನಮಗೆ ಹೊಸದೋ? ಯೆರಿಕೋವಿನ ದಾರಿಯಲ್ಲಿ ಅವನು ಕಳ್ಳರನ್ನು ಹಿಡಿಯಲು ಓಡಲಿಲ್ಲ, ಗಾಯಗಳನ್ನು ಕಟ್ಟಿದನು.

ಆದಕಾರಣ ಪ್ರಿಯರೇ, ಒಬ್ಬನು 108ಕ್ಕೆ ಫೋನು ಮಾಡಲಿ. ಒಬ್ಬನು ಬರುವ ಗಾಡಿಗಳನ್ನು ತಡೆಯಲಿ. ಒಬ್ಬನು ಶುದ್ಧವಾದ ಬಟ್ಟೆಯಿಂದ ರಕ್ತ ಸುರಿಯುವಲ್ಲಿ ಒತ್ತಿ ಹಿಡಿಯಲಿ. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹೊಯ್ಯಬೇಡಿರಿ. ಬೆಂಕಿ ಮುಂತಾದ ಅಪಾಯವಿಲ್ಲದಿದ್ದರೆ ಅವನನ್ನು ಎಳೆದಾಡಬೇಡಿರಿ. ಕಾರಿನ ನಂಬರನ್ನು ಬರೆದುಕೊಳ್ಳಿರಿ. ನಡಿಸಿದವನ ಮೇಲೆ ಯಾರೂ ಕೈಮಾಡದಂತೆ ಹಿರಿಯರಿಬ್ಬರು ಅವನ ಬಳಿಯಲ್ಲಿ ನಿಂತು, ಪೊಲೀಸರು ಬಂದಾಗ ಒಪ್ಪಿಸಲಿ. ಅವನ ವಿಚಾರಣೆಗೆ ನಾಳೆಯೂ ಇದೆ. ಬಿದ್ದವನಿಗೆ ಈ ಗಳಿಗೆಯೇ ಇದೆ.